ಹದಿನಾರು ಮೊಳದ ಗಂಡಸರು

ಎಡಿನ್‌ಬರೋ ಕೋಟೆಯ ಬಾಗಿಲಿನಿಂದ ಹೋಲಿರೂಡ್ ಅರಮನೆಯವರೆಗೆ ಇಳಿದುಹೋಗುವ ಬೀದಿಗೆ ರಾಯಲ್ ಮೈಲ್ ಎಂದು ಹೆಸರು. ಕಲ್ಲು ಹಾಸಿದ ಇಳಿಜಾರು, ಎರಡೂ ಕಡೆ ಹೊಗೆ ಹಿಡಿದು ಕಪ್ಪಾದ ಎತ್ತರದ ಕಟ್ಟಡಗಳು, ಆಗಸ್ಟಿನಲ್ಲೂ ಕಿವಿ ಕಚ್ಚುವ ಗಾಳಿ. ಆ ಬೀದಿಯ ಅಂಗಡಿಗಳ ಮುಂದೆ ತೂಗುಬಿಟ್ಟಿರುವುದೆಲ್ಲ ಕಿಲ್ಟ್ ಎಂಬ ಗಂಡಸರ ಲಂಗ. ಕೆಂಪು, ಕಡುಹಸಿರು, ನೀಲಿ, ಹಳದಿ ಗೆರೆ ಎಳೆದ ಕಪ್ಪು. ದೊಡ್ಡವರ ಅಳತೆಯದು, ಮಕ್ಕಳ ಅಳತೆಯದು, ಕೊನೆಗೆ ನಾಯಿಗೆ ಹಾಕುವಂಥದ್ದೂ. ಅಗ್ಗದವೆಲ್ಲ ಅಕ್ರಿಲಿಕ್ ನೂಲಿನವು. ಪಾಕಿಸ್ತಾನದ ಸಿಯಾಲ್‌ಕೋಟಿನಲ್ಲಿ ಕಿಲ್ಟ್ ಹೊಲಿಯುವವರೂ ಬ್ಯಾಗ್‌ಪೈಪ್ ಮಾಡುವವರೂ ಬೇಕಾದಷ್ಟು ಇದ್ದಾರೆ. ಸ್ಕಾಟ್ಲೆಂಡಿನ ನೆನಪೆಂದು ಪ್ರವಾಸಿಗಳು ಕೊಂಡೊಯ್ಯುವುದರಲ್ಲಿ ಪಂಜಾಬಿ ದರ್ಜಿಗಳ ಬೆವರೂ ಸೇರಿರುತ್ತದೆ. ಅಂಥದೊಂದನ್ನು ಜೀನ್ಸ್ ಮೇಲೆಯೇ ಸುತ್ತಿಕೊಂಡು, ಫೋಟೋ ತೆಗೆಸಿಕೊಂಡು, ಹೊಟ್ಟೆ ಹಿಡಿದು ನಗುವವರನ್ನು ನಾನು ಬೀದಿಯುದ್ದಕ್ಕೂ ನೋಡಿದೆ. ಅವರ ಪಕ್ಕದಲ್ಲೇ ಐವತ್ತರ ಆಸುಪಾಸಿನ ಗಂಡಸೊಬ್ಬ ಬೂದು ಬಣ್ಣದ ಕಿಲ್ಟ್ ಉಟ್ಟು, ಕೈಯಲ್ಲಿ ಕಾಫಿ ಲೋಟ ಹಿಡಿದು, ಯಾರ ಕಡೆಗೂ ನೋಡದೆ ಬಸ್ಸು ಹಿಡಿಯುವ ಅವಸರದಲ್ಲಿ ದಾಟಿಹೋದ.

ನಾನು ಅಲ್ಲಿಗೆ ಹೋದದ್ದು ಅಕ್ಕನ ಮಗನ ಮನೆಗೆ. ಅವನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾನೆ. ಅವನ ಜತೆ ಕೆಲಸ ಮಾಡುವ ಹುಡುಗನ ಮದುವೆ ಪರ್ತ್ ಊರಿನ ಆಚೆ ಒಂದು ಹಳ್ಳಿಯಲ್ಲಿತ್ತು. ಕರೆಯೋಲೆಯ ಕೆಳಗೆ, ಬರುವವರು ಹೈಲೆಂಡ್ ಉಡುಗೆಯಲ್ಲಿ ಬನ್ನಿ, ಇಲ್ಲವೇ ನಿಮಗೆ ಖುಷಿ ಕೊಡುವ ಬಣ್ಣದ ಬಟ್ಟೆಯಲ್ಲಿ ಬನ್ನಿ ಎಂದು ಬರೆದಿದ್ದರು.

"ಮಾವ, ನೀವು ಪಂಚೆ ಉಟ್ಟರೂ ಆಗ್ತದೆ, ಕಿಲ್ಟ್ ಹಾಕಿದರೂ ಆಗ್ತದೆ. ಆ ಬೂದು ಪ್ಯಾಂಟೊಂದು ಬೇಡ ಮಾರಾಯ್ರೆ" ಅಂದ ಅಳಿಯ.

ಪಂಚೆ ನನ್ನ ಪೆಟ್ಟಿಗೆಯಲ್ಲೇ ಇತ್ತು. ಆದರೆ ಅದು ಬಿಳಿ. ಖುಷಿ ಕೊಡುವ ಬಣ್ಣ ಎಂದು ಕೇಳಿದರೆ ನನ್ನ ಪ್ರಾಯದ ಗಂಡಸಿನ ಬೀರುವಿನಲ್ಲಿ ಸಿಗುವುದೇನು? ಬಿಳಿ, ಕೆನೆ, ಬೂದು, ನೀಲಿಯಲ್ಲಿ ಎರಡು ಬಗೆ. ಬಾಡಿಗೆಗೆ ಕಿಲ್ಟ್ ಕೊಡುವ ಅಂಗಡಿಗೆ ಹೋದೆವು.

ಅಳತೆ ತೆಗೆದವಳು ಅರುವತ್ತರ ಹೆಂಗಸು. ಕೊರಳಿಗೆ ಟೇಪು, ಅಂಗಿಯ ಎದೆಗೆ ಸಾಲಾಗಿ ಚುಚ್ಚಿದ ಗುಂಡುಸೂಜಿ. ದರ್ಜಿಗಳು ಎಲ್ಲ ಊರಲ್ಲೂ ಒಂದೇ. ಪ್ಯಾಂಟಿನ ಹಾಗೆ ಸೊಂಟದ ಕೆಳಗೆ ಅಲ್ಲ, ಹೊಕ್ಕುಳಿನ ನೇರಕ್ಕೆ ಪಟ್ಟಿ ಬರಬೇಕು ಎಂದು ಟೇಪನ್ನು ಮೇಲಕ್ಕೆ ಎಳೆದಳು. ಆಮೇಲೆ ಮಂಡಿಯೂರಿ ಕೂರಲು ಹೇಳಿದಳು. ಹಾಗೆ ಕೂತಾಗ ಅಂಚು ನೆಲಕ್ಕೆ ತಾಗಿಯೂ ತಾಗದಂತಿದ್ದರೆ ಉದ್ದ ಸರಿಯಾಗಿದೆ ಎಂದು ಅರ್ಥ. ಎದ್ದು ನಿಂತಾಗ ಅದು ಮಂಡಿಚಿಪ್ಪಿನ ನಡುವಿಗೆ ಬರುತ್ತದೆ. ಮೇಲಿನ ಸೆರಗಿನ ಅಂಚು ಬಲಗಡೆಗೆ ಬರುವಂತೆ ಸುತ್ತಿ, ಎರಡೂ ಪಕ್ಕೆಗಳಲ್ಲಿ ಚರ್ಮದ ಪಟ್ಟಿ ಬಿಗಿದು, ಬಕಲ್ ಹಾಕಿದಳು. ಮುಂಭಾಗ ಹಲಗೆಯ ಹಾಗೆ ಚಪ್ಪಟೆ. ನೆರಿಗೆಯೆಲ್ಲ ಹಿಂದೆ. ಆ ನೆರಿಗೆಗಳನ್ನು ಕೈಯಲ್ಲಿ ಹಿಡಿದು ನೋಡಬೇಕು: ಒಂದೊಂದನ್ನೂ ಬೇರೆ ಬೇರೆ ಆಳಕ್ಕೆ ಮಡಚಿ ಹೊಲಿದಿರುತ್ತಾರೆ, ಯಾಕೆಂದರೆ ಎಲ್ಲ ಮಡಿಕೆ ಮುಚ್ಚಿದಾಗಲೂ ಬೆನ್ನ ಹಿಂದಿನ ಚೌಕುಳಿ ಎಲ್ಲೂ ತುಂಡಾಗದೆ ಮುಂಭಾಗದಂತೆಯೇ ಕಾಣಬೇಕು. ಮಿಲಿಟರಿಯವರ ಕ್ರಮ ಬೇರೆ. ಅವರು ಒಂದೇ ಗೆರೆ ಪ್ರತಿ ನೆರಿಗೆಯ ನಡುವಿಗೆ ಬರುವಂತೆ ಮಡಚುತ್ತಾರೆ. ಒಳ್ಳೆಯ ಕಿಲ್ಟ್ ಇವತ್ತಿಗೂ ಕೈಹೊಲಿಗೆಯದು. ಪೂರ್ತಿ ಅಳತೆಯ ಒಂದು ಕಿಲ್ಟಿಗೆ ಎಂಟು ಗಜ ಉಣ್ಣೆ ಬಟ್ಟೆ ಬೇಕು.

ಎಂಟು ಗಜ ಎಂದರೆ ನಮ್ಮ ಲೆಕ್ಕದಲ್ಲಿ ಹದಿನಾರು ಮೊಳ. ನನ್ನ ಅಜ್ಜಿ ಉಡುತ್ತಿದ್ದದ್ದು ಅದೇ ಹದಿನಾರು ಮೊಳದ ಸೀರೆ. ಈಗಿನ ಸೀರೆಗಳು ಅದಕ್ಕಿಂತ ಎಷ್ಟೋ ಗಿಡ್ಡ. ಜಗತ್ತಿನಲ್ಲೇ ಅತಿ ಗಂಡಸುತನದ ಉಡುಪು ಎಂದು ಮೀಸೆ ತಿರುವಿಕೊಂಡು ತೊಡುವ ವಸ್ತ್ರಕ್ಕೆ ಇವತ್ತಿನ ಮದುಮಗಳ ಸೀರೆಗಿಂತ ಹೆಚ್ಚು ಉದ್ದದ ಬಟ್ಟೆ ಬೇಕೆಂಬುದು ನನಗೆ ಬಹಳ ಹಿಡಿಸಿತು.

ಉಟ್ಟಾಗ ಮೊದಲು ಗೊತ್ತಾಗುವುದು ಭಾರ. ನೆರಿಗೆಗಳ ತೂಕ ಹಿಂದಿನಿಂದ ಎಳೆಯುತ್ತದೆ, ನಡೆದರೆ ಅದು ಹೆಜ್ಜೆಗೆ ತಕ್ಕಂತೆ ಆಚೆ ಈಚೆ ತೂಗುತ್ತದೆ. ಗಾಳಿಗೆ ಹಾರೀತೆಂಬ ಹೆದರಿಕೆ ಇರುವುದಿಲ್ಲ. ಜೇಬಿಲ್ಲ; ಅದಕ್ಕೆಂದೇ ಮುಂದೆ ಸರಪಣಿಯಲ್ಲಿ ನೇತಾಡುವ ಚರ್ಮದ ಚೀಲ, ಸ್ಪೊರಾನ್. ಬಲಗಾಲಿನ ಕಾಲುಚೀಲದಲ್ಲಿ ಸಣ್ಣ ಚೂರಿ ಸಿಕ್ಕಿಸಬೇಕಂತೆ. ನನಗೆ ಕೊಟ್ಟದ್ದು ಅಲಗಿಲ್ಲದ ಪ್ಲಾಸ್ಟಿಕ್ಕಿನದು. ಮುಂದಿನ ಸೆರಗಿನ ಅಂಚಿಗೆ ಒಂದು ದೊಡ್ಡ ಪಿನ್ನು. ಅದನ್ನು ಕೆಳಗಿನ ಪದರಕ್ಕೂ ಸೇರಿಸಿ ಚುಚ್ಚಿಬಿಟ್ಟರೆ ಕೂತಾಗ ಬಟ್ಟೆ ಹರಿಯುತ್ತದೆ, ಮೇಲಿನದಕ್ಕೆ ಮಾತ್ರ ಎಂದು ಆಕೆ ಒತ್ತಿ ಒತ್ತಿ ಹೇಳಿದಳು. ಒಳಗೇನು ಹಾಕುತ್ತಾರೆ ಎಂಬ ಲೋಕಪ್ರಸಿದ್ಧ ಪ್ರಶ್ನೆಗೆ ಅಂಗಡಿಯ ಗೋಡೆಯಲ್ಲೇ ಉತ್ತರ ಅಂಟಿಸಿದ್ದರು: ಬಾಡಿಗೆ ಕಿಲ್ಟಿನ ಒಳಗೆ ಚಡ್ಡಿ ಕಡ್ಡಾಯ.

ಕೂರುವುದನ್ನು ಮಾತ್ರ ಆಕೆ ನನಗೆ ಕಲಿಸಬೇಕಾಗಲಿಲ್ಲ. ಹಿಂದಿನ ನೆರಿಗೆಯನ್ನು ಎಡಗೈಯಲ್ಲಿ ಕೆಳಕ್ಕೆ ಸವರಿ, ತೊಡೆ ಕೂಡಿಸಿ ಕೂತೆ. "ಇವರಿಗೆ ಅಭ್ಯಾಸ ಇದೆ" ಎಂದು ಅವಳು ಅಳಿಯನಿಗೆ ಹೇಳಿದಳು. ಅಭ್ಯಾಸ ಇರದೆ ಏನು, ಪಂಚೆಯಲ್ಲೇ ಮರ ಹತ್ತಿದವರು ನಾವು. ಕಷ್ಟವಾದದ್ದು ಮೆಟ್ಟಿಲು ಇಳಿಯುವಾಗ. ಎರಡೂ ಕೈ ತಾವಾಗಿಯೇ ಕೆಳಗಿನ ಅಂಚಿಗೆ ಹೋಗಿ, ಎತ್ತಿ ಸೊಂಟಕ್ಕೆ ಕಟ್ಟಲು ಹವಣಿಸಿದವು. ಅಳಿಯ ಗಾಬರಿಯಾಗಿ ನನ್ನ ಮಣಿಕಟ್ಟು ಹಿಡಿದುಕೊಂಡ.

ಮದುವೆಗೆ ಮೊದಲು ಸಮಯವಿತ್ತು. ಇನ್ವರ್ನೆಸ್ಸಿಗೆ ರೈಲು ಹತ್ತಿದೆ. ಪರ್ತ್ ದಾಟಿದ ಮೇಲೆ ಬೆಟ್ಟಗಳು ಬೋಳಾಗುತ್ತ ಹೋಗುತ್ತವೆ, ಹೀದರ್ ಗಿಡ ಹೂಬಿಟ್ಟ ಕಾಲವಾದ್ದರಿಂದ ಬೋಳುಬೆಟ್ಟಗಳೆಲ್ಲ ನೇರಳೆ. ಇನ್ವರ್ನೆಸ್ಸಿನಿಂದ ಸ್ವಲ್ಪ ದೂರಕ್ಕೆ ಕಲೊಡನ್ ಎಂಬ ಬಯಲು. 1746ರ ಏಪ್ರಿಲ್ 16ರಂದು ಪಟ್ಟಕ್ಕಾಗಿ ದಂಗೆಯೆದ್ದ ಸ್ಟುವರ್ಟ್ ರಾಜಕುಮಾರ ಚಾರ್ಲ್ಸ್‌ನ ಪರವಾಗಿ ನಿಂತ ಹೈಲೆಂಡ್ ಬೆಟ್ಟಸೀಮೆಯವರು ಬ್ರಿಟಿಷ್ ಸರಕಾರದ ಸೈನ್ಯದ ಎದುರು ಇಲ್ಲಿ ಸೋತರು. ಕಾಳಗ ಒಂದು ಗಂಟೆಯೂ ನಡೆಯಲಿಲ್ಲ. ಎರಡೂ ಪಡೆಗಳು ನಿಂತಿದ್ದ ಸಾಲುಗಳನ್ನು ಈಗ ಕೆಂಪು ಮತ್ತು ನೀಲಿ ಬಾವುಟ ನೆಟ್ಟು ತೋರಿಸಿದ್ದಾರೆ. ಹುಲ್ಲಿನ ನಡುವೆ ಕುಲಗಳ ಹೆಸರು ಕೆತ್ತಿದ ಕಲ್ಲುಗಳಿವೆ. ಅವು 1881ರಲ್ಲಿ ನಿಲ್ಲಿಸಿದವು.

ನನಗೆ ಅಲ್ಲಿ ಬೇಕಾಗಿದ್ದದ್ದು ಕಾಳಗವಲ್ಲ, ಅದರ ಬೆನ್ನಿಗೇ ಬಂದ ಒಂದು ಕಾಯಿದೆ. ಗೆದ್ದ ಸರಕಾರ ಹೈಲೆಂಡಿನವರ ಆಯುಧ ಕಿತ್ತುಕೊಂಡದ್ದಷ್ಟೇ ಅಲ್ಲ, ಅವರ ಬಟ್ಟೆಯನ್ನೂ ಕಿತ್ತುಕೊಂಡಿತು. 1747ರ ಆಗಸ್ಟ್ 1ರಿಂದ ಜಾರಿಗೆ ಬಂದ ಉಡುಪಿನ ಕಾಯಿದೆಯ ಪ್ರಕಾರ ಗಂಡಸಾಗಲಿ ಹುಡುಗನಾಗಲಿ ಕಿಲ್ಟ್ ಉಡುವಂತಿಲ್ಲ, ಟಾರ್ಟನ್ ಚೌಕುಳಿಯ ಮೇಲುಹೊದಿಕೆ ಹೊದೆಯುವಂತಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಜಾಮೀನಿಲ್ಲದೆ ಆರು ತಿಂಗಳು ಸೆರೆಮನೆ. ಎರಡನೇ ಸಲವಾದರೆ ಏಳು ವರ್ಷ ಕಡಲಾಚೆಗೆ ಗಡೀಪಾರು. ಹೆಂಗಸರು ಏನು ಉಡಬೇಕೆಂದು ಕಾಯಿದೆ ತಲೆ ಕೆಡಿಸಿಕೊಳ್ಳಲಿಲ್ಲ. ಗಂಡಸಿನ ಲಂಗ ಮಾತ್ರ ರಾಜದ್ರೋಹ.

ಆದರೆ ಒಂದು ವಿನಾಯಿತಿ ಇತ್ತು, ಮತ್ತು ಮುಂದಿನ ಕಥೆಯೆಲ್ಲ ಆ ಕಿಂಡಿಯಲ್ಲೇ ನುಸುಳಿ ಬಂದಿದೆ. ದೊರೆಯ ಸೈನ್ಯಕ್ಕೆ ಸೇರಿದರೆ ಕಿಲ್ಟ್ ಉಡಬಹುದು. ಹೊಟ್ಟೆಗಿಲ್ಲದ ಹೈಲೆಂಡಿನ ಹುಡುಗರು ಬ್ರಿಟಿಷ್ ಸೈನ್ಯಕ್ಕೆ ಸೇರಿದರು, ಅಜ್ಜಂದಿರ ಉಡುಪಿನಲ್ಲಿ ಅಜ್ಜಂದಿರನ್ನು ಸೋಲಿಸಿದವರಿಗಾಗಿ ಅಮೆರಿಕದಲ್ಲೂ ಇಂಡಿಯಾದಲ್ಲೂ ಹೋರಾಡಿದರು. 1782ರಲ್ಲಿ ಕಾಯಿದೆ ರದ್ದಾಗುವ ಹೊತ್ತಿಗೆ ಊರಿನ ರೈತ ಕಿಲ್ಟ್ ಉಡುವುದನ್ನೇ ಮರೆತಿದ್ದ. ಅದು ಸಿಪಾಯಿಯ ಮತ್ತು ಸಿರಿವಂತನ ಬಟ್ಟೆಯಾಗಿತ್ತು.

ಅಷ್ಟಕ್ಕೂ ನಿಷೇಧವಾದ ಆ ಗಿಡ್ಡ ಕಿಲ್ಟಿಗೆ ಆಗ ಎಷ್ಟು ವಯಸ್ಸು? ಹಳೆಯ ಹೈಲೆಂಡಿನವನು ಉಡುತ್ತಿದ್ದದ್ದು ದೊಡ್ಡ ಕಂಬಳಿ. ನೆಲದ ಮೇಲೆ ಬೆಲ್ಟು ಇಟ್ಟು, ಅದರ ಮೇಲೆ ಕಂಬಳಿ ಹಾಸಿ, ನಡುಭಾಗಕ್ಕೆ ನೆರಿಗೆ ಹಿಡಿದು, ಅದರ ಮೇಲೆ ತಾನೇ ಮಲಗಿ, ಬೆಲ್ಟು ಬಿಗಿದು ಎದ್ದರೆ ಕೆಳಗಿನ ಭಾಗ ಲಂಗ, ಮೇಲಿನ ಭಾಗ ಹೆಗಲ ಹೊದಿಕೆ. ರಾತ್ರಿ ಬಿಚ್ಚಿದರೆ ಹಾಸಿಗೆ. ಅದನ್ನು ಸೊಂಟದಲ್ಲೇ ಕತ್ತರಿಸಿ, ಕೆಳಗಿನ ಅರ್ಧಕ್ಕೆ ನೆರಿಗೆ ಹೊಲಿಸಿದವನು ಥಾಮಸ್ ರಾಲಿನ್ಸನ್ ಎಂಬ ಇಂಗ್ಲಿಷ್ ಕಬ್ಬಿಣದ ವ್ಯಾಪಾರಿ ಎಂದು 1785ರಲ್ಲಿ ಅಚ್ಚಾದ ಒಂದು ಪತ್ರ ಹೇಳುತ್ತದೆ. ಇನ್ವರ್‌ಗ್ಯಾರಿ ಬಳಿ ಅವನ ಕುಲುಮೆಯಿತ್ತು. ಮರ ಕಡಿಯುವ, ಬೆಂಕಿಯ ಮುಂದೆ ನಿಲ್ಲುವ ಆಳುಗಳಿಗೆ ಆ ಕಂಬಳಿ ತೊಡಕಾಗುತ್ತಿತ್ತಂತೆ. ಹ್ಯೂ ಟ್ರೆವರ್ ರೋಪರ್ ಎಂಬ ಇತಿಹಾಸಕಾರ 1983ರಲ್ಲಿ ಈ ಕಥೆಯನ್ನು ಎತ್ತಿ ಹಿಡಿದು, ಸ್ಕಾಟ್ಲೆಂಡಿನ ಪುರಾತನ ಉಡುಪು ಕಾರ್ಖಾನೆಯ ಅಂಗಣದಲ್ಲಿ ಹುಟ್ಟಿದ್ದು, ಅದೂ ಇಂಗ್ಲಿಷಿನವನ ಕೈಯಲ್ಲಿ ಎಂದು ವಾದಿಸಿದ. ಸ್ಕಾಟ್ಲೆಂಡಿನ ಅನೇಕರು ಇದನ್ನು ಒಪ್ಪುವುದಿಲ್ಲ. ಅದಕ್ಕೆ ಮೊದಲೇ ನಮ್ಮವರು ಗಿಡ್ಡ ಕಿಲ್ಟ್ ಉಡುತ್ತಿದ್ದರು ಎನ್ನುತ್ತಾರೆ. ನನ್ನ ರೈಲಿನ ಡಬ್ಬಿಯಲ್ಲಿ ಎದುರಿಗೆ ಕೂತಿದ್ದ ಹಿರಿಯರ ಬಳಿ ರಾಲಿನ್ಸನ್ ಹೆಸರೆತ್ತಿದೆ. ಅವರು ಪತ್ರಿಕೆ ಮಡಚಿ, ಕಿಟಕಿಯ ಕಡೆ ತಿರುಗಿ, ಆಮೇಲೆ ಊರು ಬರುವವರೆಗೂ ನನ್ನೊಡನೆ ಮಾತಾಡಲಿಲ್ಲ.

ರಾಜದ್ರೋಹದ ಬಟ್ಟೆ ರಾಜನ ಬಟ್ಟೆಯಾದದ್ದು 1822ರ ಆಗಸ್ಟಿನಲ್ಲಿ. ನಾಲ್ಕನೇ ಜಾರ್ಜ್ ಎಡಿನ್‌ಬರೋಕ್ಕೆ ಬಂದ. ಅದಕ್ಕೆ ಮೊದಲು ನೂರೆಪ್ಪತ್ತು ವರ್ಷಗಳಿಂದ ಪಟ್ಟದಲ್ಲಿದ್ದ ರಾಜನೊಬ್ಬ ಸ್ಕಾಟ್ಲೆಂಡಿನ ನೆಲ ತುಳಿದಿರಲಿಲ್ಲ. ಆ ಇಡೀ ಮೆರವಣಿಗೆಯ ಸೂತ್ರಧಾರ ಕಾದಂಬರಿಕಾರ ವಾಲ್ಟರ್ ಸ್ಕಾಟ್. ಎಲ್ಲರೂ ಟಾರ್ಟನ್ ಉಟ್ಟು ಬನ್ನಿ ಎಂದು ಅವನೇ ಹೇಳಿಕಳಿಸಿದ. ಸ್ಥೂಲಕಾಯದ ದೊರೆ 1,300 ಪೌಂಡಿಗೂ ಹೆಚ್ಚು ಖರ್ಚು ಮಾಡಿಸಿ ಹೊಲಿಸಿಕೊಂಡ ಕೆಂಪು ಟಾರ್ಟನ್ ಕಿಲ್ಟಿನಲ್ಲಿ, ಬರಿಗಾಲು ಮುಚ್ಚಲು ಮೈಬಣ್ಣದ ಬಿಗಿ ಚಡ್ಡಿ ತೊಟ್ಟು, ಹೋಲಿರೂಡಿನಲ್ಲಿ ದರ್ಶನ ಕೊಟ್ಟ. ಕಿಲ್ಟ್ ಬಹಳ ಗಿಡ್ಡವಾಗಿತ್ತು. ನೋಡಿದವರು ಮುಸಿಮುಸಿ ನಕ್ಕರು. ಆದರೂ ಅವತ್ತಿನಿಂದ ಕಿಲ್ಟಿಗೆ ಯಾರೂ ಅಡ್ಡಮಾತು ಆಡುವಂತಿರಲಿಲ್ಲ. ಬ್ಯಾನಕ್‌ಬರ್ನಿನ ವಿಲ್ಸನ್ ನೇಕಾರರ ಮಗ್ಗಗಳಿಗೆ ಬಿಡುವೇ ಸಿಗಲಿಲ್ಲ. ಅಂಕಿ ಹಾಕಿ ಮಾರುತ್ತಿದ್ದ ಚೌಕುಳಿಗಳಿಗೆ ಕುಲಗಳ ಹೆಸರು ಬಂದವು. ಇಬ್ಬರು ಸೋದರರು ತಾವು ಆ ಸ್ಟುವರ್ಟ್ ರಾಜಕುಮಾರನ ಮೊಮ್ಮಕ್ಕಳೆಂದು ಹೇಳಿಕೊಂಡು, ಹಳೆಯ ಹಸ್ತಪ್ರತಿ ಸಿಕ್ಕಿದೆ ಎಂದು 1842ರಲ್ಲಿ ಟಾರ್ಟನ್ನುಗಳ ಭವ್ಯ ಗ್ರಂಥವೊಂದನ್ನು ಅಚ್ಚು ಹಾಕಿಸಿದರು. ಗ್ರಂಥ ಪೂರಾ ಖೋಟಾ. ಅದರಲ್ಲಿದ್ದ ಚೌಕುಳಿಗಳನ್ನು ಮಾತ್ರ ಕುಲಗಳು ಇವತ್ತಿಗೂ ಹೆಮ್ಮೆಯಿಂದ ಉಡುತ್ತವೆ. ನಾನು ಇದನ್ನು ಗೇಲಿಗೆ ಹೇಳುತ್ತಿಲ್ಲ. ಎಂಟು ತಲೆಮಾರು ಉಟ್ಟ ಮೇಲೆ ಯಾವ ಬಟ್ಟೆಯಾದರೂ ಸಾಚಾ ಆಗಿಬಿಡುತ್ತದೆ.

ಆ ದೊರೆಯ ಕಿಲ್ಟಿನ ಚಿತ್ರ ಹೋಲಿರೂಡ್ ಅರಮನೆಯಲ್ಲಿದೆ. ಬರೆದವನು ಡೇವಿಡ್ ವಿಲ್ಕಿ. ಅರಸನನ್ನು ಕೃಪೆಯಿಂದಲೇ ಬರೆದಿದ್ದಾನೆ, ಹೊಟ್ಟೆ ಕರಗಿಸಿದ್ದಾನೆ, ಆ ಬಿಗಿ ಚಡ್ಡಿಯನ್ನು ಬಿಟ್ಟೇಬಿಟ್ಟಿದ್ದಾನೆ. ವಿಲ್ಕಿ ಎಂದೊಡನೆ ಮೈಸೂರು ಸೀಮೆಯವರಿಗೆ ಇನ್ನೊಂದು ಚಿತ್ರ ನೆನಪಾಗಬೇಕು: ಶ್ರೀರಂಗಪಟ್ಟಣದ ಕೋಟೆಯ ಬಾಗಿಲಲ್ಲಿ, ಪಂಜಿನ ಬೆಳಕಿನಲ್ಲಿ, ಟಿಪ್ಪುವಿನ ಶವದ ಮುಂದೆ ಜನರಲ್ ಡೇವಿಡ್ ಬೇರ್ಡ್ ನಿಂತಿರುವುದು. 1839ರಲ್ಲಿ ಮುಗಿದ ಆ ದೊಡ್ಡ ಕ್ಯಾನ್‌ವಾಸನ್ನು ಬೇರ್ಡನ ವಿಧವೆ ಬರೆಸಿದ್ದು. ಅದು ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾ ಸಂಗ್ರಹಕ್ಕೆ ಸೇರಿದೆ. ಬೇರ್ಡನ ಕಾಲಬುಡದಲ್ಲಿ ಕಬ್ಬಿಣದ ಜಾಲರಿಯೊಂದು ಕಾಣುತ್ತದೆ. 1780ರ ಪೊಳ್ಳಿಲೂರು ಕಾಳಗದಲ್ಲಿ ಹೈದರಾಲಿಗೆ ಸೆರೆಸಿಕ್ಕ ಅವನು ಶ್ರೀರಂಗಪಟ್ಟಣದ ಸೆರೆಯಲ್ಲಿ ಹತ್ತಿರ ಹತ್ತಿರ ನಾಲ್ಕು ವರ್ಷ ಕೊಳೆತಿದ್ದ, ಅದರ ಗುರುತು ಅದು. ಆಗ ಅವನು ಮೆಕ್ಲಿಯೋಡ್ ಹೈಲೆಂಡರ್ಸ್ ದಳದ ಕ್ಯಾಪ್ಟನ್. ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಸರಪಣಿ ಹಾಕಿದ್ದಾರೆ ಎಂಬ ಸುದ್ದಿ ಊರು ತಲುಪಿದಾಗ ಅವನ ತಾಯಿ, ನಮ್ಮ ಡೇವಿಯ ಜತೆ ಕಟ್ಟಿಹಾಕಿಸಿಕೊಂಡ ಆ ಬಡಪಾಯಿಯ ಗತಿಯೇನು ಎಂದು ಮರುಗಿದಳಂತೆ. ಅವನ ದಳ ಹುಟ್ಟಿದಾಗಲೂ ಅವನು ಸೆರೆಸಿಕ್ಕಾಗಲೂ ಸ್ಕಾಟ್ಲೆಂಡಿನಲ್ಲಿ ಆ ಕಾಯಿದೆ ಇನ್ನೂ ಬದುಕಿತ್ತು. ಹೈಲೆಂಡಿನ ದಳಕ್ಕೆ ಸೇರಿ ಕಾವೇರಿಯ ದಡದವರೆಗೆ ಬರಬಹುದಿತ್ತು, ಊರಲ್ಲೇ ಉಳಿದು ಅಪ್ಪನ ಕಿಲ್ಟ್ ಉಟ್ಟರೆ ಜೈಲು.

ಹೀಗೆ ನೋಡಿದರೆ ಕಿಲ್ಟ್ ಗಂಡಸಿನ ಉಡುಪಾಗಿ ಉಳಿದದ್ದು ಬಂದೂಕಿನ ದೆಸೆಯಿಂದ. ಹದಿನೆಂಟನೇ ಶತಮಾನದ ಕೊನೆಗೆ ಯುರೋಪಿನ ಗಂಡಸರು ಜರಿ, ರೇಷ್ಮೆ, ಲೇಸು, ಬಣ್ಣ ಎಲ್ಲವನ್ನೂ ಹೆಂಗಸರಿಗೆ ಬಿಟ್ಟುಕೊಟ್ಟು ಕಪ್ಪು ಕೋಟಿನೊಳಗೆ ಹೊಕ್ಕರು. ಜೆ. ಸಿ. ಫ್ಲೂಗೆಲ್ ಎಂಬ ಮನಶ್ಶಾಸ್ತ್ರಜ್ಞ 1930ರಲ್ಲಿ ಇದನ್ನು ಗಂಡಸರ ಮಹಾತ್ಯಾಗ ಎಂದು ಕರೆದ. ಅವನು ಸುಮ್ಮನೆ ಬರೆದು ಕೂರಲಿಲ್ಲ. 1929ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗಂಡಸರ ಉಡುಪು ಸುಧಾರಣಾ ಪಕ್ಷದಲ್ಲೂ ಇದ್ದ. ಬಿಗಿ ಕಾಲರು ಬೇಡ, ಪ್ಯಾಂಟಿನ ಬದಲು ಚಡ್ಡಿಯೋ ಕಿಲ್ಟೋ ಇರಲಿ ಎಂಬುದು ಅವರ ಬೇಡಿಕೆ. ಪಕ್ಷ ಹೆಚ್ಚು ಕಾಲ ಬಾಳಲಿಲ್ಲ. ಎಲ್ಲರೂ ಕಪ್ಪಾದ ಆ ಕಾಲದಲ್ಲೂ ಹೈಲೆಂಡ್ ಸಿಪಾಯಿಗೆ ಮಾತ್ರ ಬಣ್ಣ, ನೆರಿಗೆ, ಬರಿಮಂಡಿ ಎಲ್ಲಕ್ಕೂ ಪರವಾನಗಿ ಇತ್ತು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಅದೇ ನೆರಿಗೆಗಳಲ್ಲಿ ಹೇನು ಮನೆಮಾಡಿತು, ಒದ್ದೆ ಕೆಸರಿನ ಅಂಚು ತೊಡೆಯ ಚರ್ಮ ಸುಲಿಯಿತು. ಆದರೂ ಬಿಡಲಿಲ್ಲ. 1940ರಲ್ಲಿ ಫ್ರಾನ್ಸಿನಲ್ಲಿ ಕ್ಯಾಮರೂನ್ ಹೈಲೆಂಡರ್ಸ್ ಕಿಲ್ಟಿನಲ್ಲೇ ಹೋರಾಡಿದರು. ಆಮೇಲೆ ಅದು ಕವಾಯತಿಗೆ ಮಾತ್ರ ಸೀಮಿತವಾಯಿತು.

ಮದುವೆಯ ದಿನ ಮಳೆ ಇರಲಿಲ್ಲ. ಅದೇ ದೊಡ್ಡ ಸುದ್ದಿ ಎನ್ನುವ ಹಾಗೆ ಎಲ್ಲರೂ ಆಕಾಶ ನೋಡಿ ಮಾತಾಡುತ್ತಿದ್ದರು. ಹಳೆಯ ಕೊಟ್ಟಿಗೆಯೊಂದನ್ನು ಸುಣ್ಣ ಬಳಿದು ಛತ್ರ ಮಾಡಿದ್ದರು. ಮದುಮಗನೂ ಅವನ ಅಣ್ಣತಮ್ಮಂದಿರೂ ಅಪ್ಪನೂ ಒಂದೇ ಹಸಿರು ಟಾರ್ಟನ್ನಿನಲ್ಲಿ. ಮಿಕ್ಕವರು ಬಗೆಬಗೆ. ಎಡಿನ್‌ಬರೋದಲ್ಲಿ ಹೌವಿ ನಿಕೋಲ್ಸ್‌ಬಿ ಎಂಬ ದರ್ಜಿ 1990ರ ದಶಕದಿಂದ ಡೆನಿಮ್, ಚರ್ಮ, ಟ್ವೀಡ್ ಬಟ್ಟೆಗಳಲ್ಲಿ, ಜೇಬು ಇಟ್ಟು, ದಿನಬಳಕೆಯ ಕಿಲ್ಟ್ ಹೊಲಿಯುತ್ತ ಬಂದಿದ್ದಾನೆ. ಹಾಲಿವುಡ್ ನಟ ವಿನ್ ಡೀಸೆಲ್ 2003ರಲ್ಲಿ ಚರ್ಮದ ಕಿಲ್ಟ್ ತೊಟ್ಟು ವೇದಿಕೆ ಹತ್ತಿದ್ದ. ಆ ಅಲೆಯ ಡೆನಿಮ್ ಕಿಲ್ಟುಗಳೂ ಅಲ್ಲಿ ಇದ್ದವು.

ಆ ಗುಂಪಿನಲ್ಲಿ ಒಬ್ಬ ಹುಡುಗ. ಮದುಮಗಳ ಕಡೆಯವನು, ಶಾಲೆಯಲ್ಲಿ ಗಣಿತ ಹೇಳುತ್ತಾನಂತೆ. ಅವನು ಉಟ್ಟದ್ದು ಕಿಲ್ಟ್ ಅಲ್ಲ. ಕಣಕಾಲಿನವರೆಗೆ ಬರುವ, ಅರಿಶಿನ ಬಣ್ಣದ ಮೇಲೆ ದೊಡ್ಡ ಕೆಂಪು ಹೂಗಳಿದ್ದ, ತೆಳು ಬಟ್ಟೆಯ ಲಂಗ. ಮೇಲೆ ಬಿಳಿ ಅಂಗಿ, ಹೊಲಿಸಿದ ನೀಲಿ ವೇಸ್ಟ್‌ಕೋಟು. ಗಡ್ಡ ಟ್ರಿಮ್ ಮಾಡಿದ್ದ. ಚೆನ್ನಾಗಿಯೇ ಕಾಣುತ್ತಿದ್ದ ಎಂದು ಹೇಳಲು ನನಗೆ ಸಂಕೋಚವಿಲ್ಲ; ಆ ಕೊಟ್ಟಿಗೆಯಲ್ಲಿ ಬಟ್ಟೆಯ ಬಗ್ಗೆ ನಿಜವಾಗಿ ಯೋಚಿಸಿ ಬಂದವನು ಅವನೊಬ್ಬನೇ. ನಮ್ಮ ಮೇಜಿಗೇ ಅವನ ಜಾಗ. ಅವನು ಬಂದು ಕೂತಾಗ ಕಿಲ್ಟ್ ಉಟ್ಟಿದ್ದ ಇಬ್ಬರು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ನಾನು ಕಂಡೆ. ಅವರ ಮಂಡಿ ಬರಿದು. ಅವನ ಮಂಡಿ ಮುಚ್ಚಿತ್ತು.

"ಇದನ್ನು ನೀವು ದಿನಾ ಹಾಕ್ತೀರಾ?" ಎಂದು ಕೇಳಿದೆ.

"ದಿನಾ ಇಲ್ಲ. ಬಿಸಿಲಿದ್ದಾಗ, ಮನಸ್ಸು ಬಂದಾಗ" ಅಂದ. "ಕಿಲ್ಟಿನಲ್ಲಿ ಹೋದರೆ ಪ್ರವಾಸಿಗಳು ಜತೆಗೆ ನಿಂತು ಫೋಟೋ ತೆಗೆಸ್ಕೊಳ್ತಾರೆ. ಇದರಲ್ಲಿ ಹೋದರೆ ಕಾರಿನ ಗಾಜು ಇಳಿಸಿ ಬೈತಾರೆ. ರಸ್ತೆ ಅದೇ."

"ಬಣ್ಣಕ್ಕಾ, ಹೂವಿಗಾ, ಉದ್ದಕ್ಕಾ?"

ಅವನು ಸ್ವಲ್ಪ ಯೋಚಿಸಿ, "ನನಗೆ ಇದರಲ್ಲಿ ಖುಷಿಯಾಗ್ತದೆ ಅನ್ನೋದಕ್ಕೆ. ಅಜ್ಜ ಉಡ್ತಿದ್ದ, ದಳದ ಬಟ್ಟೆ, ಮದುವೆ ಕ್ರಮ, ಹೀಗೆ ಏನಾದರೂ ಕಾರಣ ಇದ್ದರೆ ಬಿಡ್ತಾರೆ. ಇಷ್ಟ ಅನ್ನೋದು ಕಾರಣವೇ ಅಲ್ಲ ಅವರಿಗೆ" ಅಂದ.

ಆ ಮಾತು ಸರಿ ಎಂದೇ ನನಗೂ ಅನಿಸುತ್ತದೆ. ಬೇರೆ ಕಡೆಯ ಸುದ್ದಿಗಳನ್ನು ನೋಡಿ. 2013ರಲ್ಲಿ ಸ್ಟಾಕ್‌ಹೋಮಿನ ರೈಲು ಚಾಲಕರು, 2017ರಲ್ಲಿ ಫ್ರಾನ್ಸಿನ ನಾಂಟ್ ನಗರದ ಬಸ್ ಚಾಲಕರು, ಅದೇ ಬೇಸಗೆಯಲ್ಲಿ ಇಂಗ್ಲೆಂಡಿನ ಎಕ್ಸೆಟರಿನ ಶಾಲಾ ಹುಡುಗರು ಲಂಗ ತೊಟ್ಟು ಬಂದರು. ಸೆಕೆಗೆ ಚಡ್ಡಿ ಹಾಕುತ್ತೇವೆಂದರೆ ನಿಯಮ ಬಿಡಲಿಲ್ಲ, ಲಂಗಕ್ಕೆ ನಿಯಮದಲ್ಲಿ ಜಾಗವಿತ್ತು. ಲೋಕ ಚಪ್ಪಾಳೆ ತಟ್ಟಿತು, ಯಾಕೆಂದರೆ ಅದು ತಮಾಷೆ, ಹಟ, ಸೆಕೆ; ಇಷ್ಟವಲ್ಲ. ಸ್ಪೇನಿನಲ್ಲಿ 2020ರಲ್ಲಿ ಹುಡುಗನೊಬ್ಬ ಸುಮ್ಮನೆ ಲಂಗ ತೊಟ್ಟು ಶಾಲೆಗೆ ಹೋದದ್ದಕ್ಕೆ ಅವನನ್ನು ಮನಶ್ಶಾಸ್ತ್ರಜ್ಞರ ಬಳಿ ಕಳಿಸಿದರು. ಆಮೇಲೆ ಅವನ ಪರವಾಗಿ ಅಲ್ಲಿನ ಮೇಷ್ಟ್ರುಗಳೇ ಲಂಗದಲ್ಲಿ ಪಾಠ ಮಾಡಿದರು. ಎಡಿನ್‌ಬರೋದ ಕ್ಯಾಸಲ್‌ವ್ಯೂ ಪ್ರಾಥಮಿಕ ಶಾಲೆಯಲ್ಲಿ 2021ರ ನವೆಂಬರಿನಲ್ಲಿ ಮಕ್ಕಳೂ ಮೇಷ್ಟ್ರುಗಳೂ ಇಷ್ಟವಿದ್ದವರು ಲಂಗದಲ್ಲಿ ಬನ್ನಿ ಎಂದು ಒಂದು ದಿನ ಗೊತ್ತುಮಾಡಿದಾಗ ದೇಶದಾದ್ಯಂತ ಗದ್ದಲವಾಯಿತು. ಕಿಲ್ಟಿನ ರಾಜಧಾನಿಯಲ್ಲೇ! ಪ್ಯಾರಿಸ್ಸಿನ ಜಾನ್ ಪಾಲ್ ಗೋಟಿಯೆ 1985ರಲ್ಲೇ ಗಂಡಸರಿಗೆ ಲಂಗ ತೊಡಿಸಿ ಫ್ಯಾಷನ್ ವೇದಿಕೆಗೆ ತಂದ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ 2002ರಲ್ಲಿ ಲಂಗದ ಗಂಡಸರ ಮೇಲೆ ಪ್ರದರ್ಶನವನ್ನೇ ಇಟ್ಟಿತು. ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿರುವವರೆಗೆ ಯಾರೂ ಬೈಯುವುದಿಲ್ಲ.

ನಮ್ಮಲ್ಲಿ? ಹೊಲಿಯದ ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡು ಸಾವಿರಾರು ವರ್ಷ ಬದುಕಿದ ನಾಡು. ಆದರೂ 2014ರಲ್ಲಿ ತಮಿಳುನಾಡು ಸರಕಾರ ವೇಷ್ಟಿ ಉಟ್ಟವರನ್ನು ಕ್ಲಬ್ಬುಗಳಿಂದ ಹೊರಗಿಡಬಾರದೆಂದು ಕಾಯಿದೆ ಮಾಡಬೇಕಾಗಿ ಬಂತು. ಅದಕ್ಕೆ ಮೊದಲು ಚೆನ್ನೈನ ಕ್ಲಬ್ಬೊಂದು ಹೈಕೋರ್ಟಿನ ನ್ಯಾಯಮೂರ್ತಿಯನ್ನೇ ಬಾಗಿಲಲ್ಲಿ ತಡೆದಿತ್ತು. 2024ರ ಜುಲೈಯಲ್ಲಿ ಬೆಂಗಳೂರಿನ ಮಾಲೊಂದರಲ್ಲಿ ಮಗನ ಜತೆ ಸಿನಿಮಾಕ್ಕೆ ಬಂದ ಹಿರಿಯ ರೈತರನ್ನು ಪಂಚೆಯ ಕಾರಣಕ್ಕೆ ಒಳಗೆ ಬಿಡಲಿಲ್ಲ. ಸರಕಾರ ಏಳು ದಿನ ಆ ಮಾಲನ್ನೇ ಮುಚ್ಚಿಸಿತು. ಒಂದು ದೇಶದಲ್ಲಿ ಉಟ್ಟರೆ ಜೈಲು ಎಂದ ಕಾಯಿದೆ, ಇನ್ನೊಂದರಲ್ಲಿ ಉಟ್ಟವರನ್ನು ತಡೆಯಬೇಡಿ ಎನ್ನುವ ಕಾಯಿದೆ. ನಡುವೆ ಎರಡೂವರೆ ಶತಮಾನ.

ಅದಾದರೂ ಬಿಳಿ ಪಂಚೆ. ಬಣ್ಣದ ಮಾತು ಬಂದರೆ ನಾವು ಇನ್ನೂ ಬಿಗಿ. ನಾನು ಹುಡುಗನಾಗಿದ್ದಾಗ ನಮ್ಮೂರಿನ ಯಕ್ಷಗಾನ ಬಯಲಾಟಕ್ಕೆ ಮೊದಲು, ವೇಷ ಕಟ್ಟುವ ಚೌಕಿಯಲ್ಲಿ ಹೋಗಿ ಕೂರುತ್ತಿದ್ದೆ. ಹಗಲೆಲ್ಲ ಮಾಸಲು ಪಂಚೆಯಲ್ಲಿ ಗದ್ದೆಯ ಬದುವಿನ ಮೇಲೆ ಕಾಣುತ್ತಿದ್ದವರು, ರಾತ್ರಿ ಚಿಮಣಿಯ ಬೆಳಕಿನಲ್ಲಿ ಕೆಂಪು ಕಪ್ಪು ಹಳದಿ ಚೌಕುಳಿಯ ಕಸೆ ಸೀರೆಯನ್ನು ನೆರಿಗೆ ಹಿಡಿದು ಬಿಗಿದು ಉಟ್ಟು, ಅರ್ಜುನರಾಗಿ, ಕರ್ಣರಾಗಿ ಎದ್ದು ನಿಲ್ಲುತ್ತಿದ್ದರು. ಟಾರ್ಟನ್ನಿನ ಪಕ್ಕದಲ್ಲಿಟ್ಟರೆ ಬಡಗುತಿಟ್ಟಿನ ಆ ಚೌಕುಳಿ ಅಷ್ಟೇನೂ ದೂರದ ನೆಂಟನಲ್ಲ. ಸೀರೆ ಉಟ್ಟ ಆ ಗಂಡಸರ ಗಂಡಸುತನವನ್ನು ಊರಲ್ಲಿ ಯಾರೂ ಪ್ರಶ್ನಿಸಲಿಲ್ಲ. ಬೆಳಗಾದರೆ ಬಣ್ಣ ತೊಳೆದು ಮತ್ತೆ ಅದೇ ಮಾಸಲು ಪಂಚೆ. ಅವರಲ್ಲಿ ಒಬ್ಬರು ಒಂದು ಸಲ ಮಂಗಳೂರಿನಿಂದ ಗಿಳಿಹಸಿರು ಅಂಗಿ ಹೊಲಿಸಿಕೊಂಡು ಬಂದಿದ್ದರು. ಕಿರೀಟ, ಭುಜಕೀರ್ತಿ, ಕಸೆ ಸೀರೆ ಎಲ್ಲವನ್ನೂ ಕಣ್ಣರಳಿಸಿ ನೋಡಿದ ಜನವೇ ಆ ಅಂಗಿಗೆ ಅವರನ್ನು ಸಾಯುವವರೆಗೂ ಗಿಳಿ ಎಂದು ಕರೆಯಿತು.

ಊಟವಾದ ಮೇಲೆ ಕೇಲಿ ಎಂಬ ಕುಣಿತ. ಅಕಾರ್ಡಿಯನ್ನೂ ಪಿಟೀಲೂ ಶುರುವಾದದ್ದೇ ತಡ, ಅಲ್ಲಿಯವರೆಗೆ ಗಂಭೀರವಾಗಿ ಕೂತಿದ್ದ ಅಜ್ಜಂದಿರೆಲ್ಲ ಎದ್ದರು. ಎರಡು ಸಾಲು ನಿಲ್ಲಬೇಕು, ಒಬ್ಬರ ತೋಳಿಗೆ ಒಬ್ಬರು ತೋಳು ಕೊಕ್ಕೆ ಹಾಕಿ ತಿರುಗುತ್ತ ಸಾಲಿನುದ್ದಕ್ಕೂ ಸಾಗಬೇಕು. ತಿರುಗುವ ವೇಗಕ್ಕೆ ಹದಿನಾರು ಮೊಳವೂ ಅರಳುತ್ತದೆ. ಕಿಲ್ಟ್ ನಿಂತವನ ಬಟ್ಟೆಯಲ್ಲ, ಕುಣಿಯುವವನ ಬಟ್ಟೆ ಎಂದು ಆಗ ಗೊತ್ತಾಯಿತು. ಹೂವಿನ ಲಂಗದ ಹುಡುಗ ಆ ಇಬ್ಬರು ಹಿರಿಯರಲ್ಲಿ ಒಬ್ಬರಿಗೆ ಜೋಡಿಯಾಗಿ ಸಿಕ್ಕಿದ. ಹಿರಿಯರು ಕ್ಷಣ ಹಿಂಜರಿದರು, ಆದರೆ ಸಾಲು ಮುಂದೆ ನೂಕಿತು, ತೋಳು ಕೊಟ್ಟರು. ಸುತ್ತಿನ ಕೊನೆಗೆ ಅವರು ಏದುಸಿರು ಬಿಡುತ್ತ ಅವನ ಲಂಗದ ಅಂಚನ್ನು ತೋರಿಸಿ ಏನೋ ಹೇಳಿದರು. ನಾನು ಆಮೇಲೆ ಅವನನ್ನು ಕೇಳಿದೆ. ಕುಣಿಯುವುದಕ್ಕೆ ಈ ಬಟ್ಟೆ ತೀರಾ ಹಗುರ, ಅಂಚಿಗೆ ಒಂದು ಪಟ್ಟಿ ಕೊಟ್ಟು ಹೊಲಿಸು ಅಂದರಂತೆ.

ಮರುದಿನ ಅಳಿಯ ಫೋಟೋಗಳನ್ನು ಉಡುಪಿಗೆ ಕಳಿಸಿದ. ಅರ್ಧ ಗಂಟೆಯಲ್ಲಿ ಅಕ್ಕನ ವಿಡಿಯೋ ಕರೆ.

"ಈ ಪ್ರಾಯದಲ್ಲಿ ಮಂಡಿ ತೋರಿಸ್ಕೊಂಡು! ಥಂಡಿ ಹಿಡೀಲಿಲ್ವಾ ನಿಂಗೆ?"

"ಉಣ್ಣೆ ಅಕ್ಕ. ಪಂಚೆಗಿಂತ ಬೆಚ್ಚಗೆ ಉಂಟು."

"ಬಣ್ಣ ಚಂದ ಉಂಟು. ಅಪ್ಪಯ್ಯ ನೋಡಿದ್ರೆ ಬೈತಿದ್ರು, ಆದ್ರೆ ಚಂದ ಉಂಟು. ಅದೆಂಥದು ಎದುರಿಗೆ ನೇತಾಡುವುದು, ರೋಮದ ಚೀಲ?"

"ಕಿಸೆ. ಇದಕ್ಕೆ ಬೇರೆ ಕಿಸೆ ಇರುವುದಿಲ್ಲ."

"ಒಳಗೆ ಎಂಥ ಇಟ್ಟಿದ್ದೆ?"

"ಮೊಬೈಲು, ಬೀಗದ ಕೈ, ಬಿಪಿ ಮಾತ್ರೆ."

ಅಕ್ಕ ಫೋನನ್ನು ಮುಖದ ಹತ್ತಿರ ತಂದು ಇನ್ನೊಮ್ಮೆ ನೋಡಿದಳು. "ಅಷ್ಟೂ ಹಿಡೀತದಾ ಅದರಲ್ಲಿ? ಸೀರೆಗೆ ಕಿಸೆ ಇಲ್ಲ ಅಂತ ಎಪ್ಪತ್ತು ವರ್ಷದಿಂದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸ್ಕೊಂಡು ತಿರುಗ್ತಾ ಇದ್ದೇನೆ. ಬರುವಾಗ ನಂಗೊಂದು ತಾ ಮಾರಾಯ. ರೋಮದ್ದು ಬೇಡ, ಬರೀ ಚರ್ಮದ್ದು ನೋಡು."